ಬಲ್ಲ ಭಾಷೆಯನ್ನು ಮರಳಿ ಕಲಿಯುವುದು

ಜನರಾಡುವ ಭಾಷೆ ಯಾರ ಅಪ್ಪಣೆಯನ್ನೂ ಕೇಳದೆ ಬದಲಾಗುತ್ತದೆ. ಪಕಾರವು ಹಕಾರವಾಗಿ, ಹಳಗನ್ನಡದ 'ಪಾಲ್' ಇಂದಿನ 'ಹಾಲು' ಆಗುವುದಕ್ಕೆ ಶತಮಾನಗಳೇ ಹಿಡಿದವು. ಆ ಪರಿವರ್ತನೆಯ ದಿನವನ್ನಾಗಲಿ, ಅದನ್ನು ವಿಧಿಸಿದ ವ್ಯಕ್ತಿಯನ್ನಾಗಲಿ ಯಾವ ಶಾಸನವೂ ಹೆಸರಿಸುವುದಿಲ್ಲ. ಗಣಕಯಂತ್ರದೊಡನೆ ವ್ಯವಹರಿಸುವುದಕ್ಕಾಗಿ ಮನುಷ್ಯನು ಬುದ್ಧಿಪೂರ್ವಕವಾಗಿ ನಿರ್ಮಿಸಿಕೊಂಡಿರುವ ಪ್ರೋಗ್ರಾಮಿಂಗ್ ಭಾಷೆಗಳ ಸಂಗತಿಯಾದರೋ ಬೇರೆ. ಅವು ಬದಲಾಗುವುದು ಗೊತ್ತುಪಡಿಸಿದ ದಿನದಂದು, ಗೊತ್ತಾದ ಜನರ ನಿರ್ಣಯದಿಂದ, ಲಿಖಿತವಾದ ಕಾರಣಗಳೊಡನೆ. 2008ನೆಯ ಇಸವಿಯ ಡಿಸೆಂಬರ್ 3ರಂದು ಪೈಥಾನ್ ಭಾಷೆಯ ಮೂರನೆಯ ಆವೃತ್ತಿ ಪ್ರಕಟವಾದಾಗ, ಅದನ್ನು ವರ್ಷಗಟ್ಟಲೆ ಬಳಸಿ ಕೈ ನುರಿತಿದ್ದ ಅಸಂಖ್ಯಾತ ಜನರಿಗೆ, ತಾವು ಚೆನ್ನಾಗಿ ಬಲ್ಲೆವೆಂದು ನಂಬಿದ್ದ ಭಾಷೆಯನ್ನೇ ಮತ್ತೊಮ್ಮೆ ಮೊದಲಿನಿಂದ ಪರಿಶೀಲಿಸಿ ಕಲಿಯಬೇಕಾದ ಪ್ರಸಂಗ ಒದಗಿತು. ಅಂಥ ಕಲಿಕೆಯ ಸ್ವರೂಪವೇನು, ಅದರಲ್ಲಿ ಎಲ್ಲಿ ಎಚ್ಚರದಿಂದಿರಬೇಕು ಎಂಬುದೇ ಈ ಅಧ್ಯಾಯದ ವಿಚಾರ.

ಪೈಥಾನಿನ ಕರ್ತೃ ಗೀಡೋ ವಾನ್ ರೋಸಮ್. ನೆದರ್‌ಲೆಂಡ್ಸ್ ದೇಶದವರಾದ ಅವರು ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿರುವ, ಗಣಿತಕ್ಕೂ ಗಣಕವಿಜ್ಞಾನಕ್ಕೂ ಮೀಸಲಾದ ರಾಷ್ಟ್ರೀಯ ಸಂಶೋಧನ ಸಂಸ್ಥೆಯಲ್ಲಿ ಕೆಲಸಮಾಡುತ್ತಿದ್ದ ಕಾಲದಲ್ಲಿ, 1989ರ ಡಿಸೆಂಬರಿನ ರಜೆಯಲ್ಲಿ ಇದರ ರಚನೆಯನ್ನು ಆರಂಭಿಸಿ, 1991ರ ಫೆಬ್ರವರಿಯಲ್ಲಿ ಮೊದಲ ರೂಪವನ್ನು ಲೋಕದ ಮುಂದಿಟ್ಟರು. ಬರೆಯುವವನ ಅನುಕೂಲಕ್ಕಿಂತ ಓದುವವನ ಅನುಕೂಲಕ್ಕೆ ಹೆಚ್ಚಿನ ಗಮನ ಕೊಟ್ಟ ಭಾಷೆಯಿದು. ಆದುದರಿಂದಲೇ ಖಗೋಳಶಾಸ್ತ್ರಜ್ಞರಿಂದ ಹಿಡಿದು ಶಾಲೆಯ ಬಾಲಕರವರೆಗೆ ಎಲ್ಲರೂ ಇದನ್ನು ಆದರಿಸಿದರು. 2000ನೆಯ ಇಸವಿಯಲ್ಲಿ ಎರಡನೆಯ ಆವೃತ್ತಿ ಬಂದ ಮೇಲೆ, ಅದರ ಉಪಾವೃತ್ತಿಗಳು ಹಳೆಯ ಕಟ್ಟಡವನ್ನು ಬಹುಮಟ್ಟಿಗೆ ಅಲುಗಿಸದೆ ಹೊಸ ಸೌಕರ್ಯಗಳನ್ನು ಕೂಡಿಸುತ್ತ ಹೋದುವು. ಹೀಗೆ ಕೂಡಿಸುತ್ತ ಹೋಗುವುದರಲ್ಲಿ ಒಂದು ಸೌಜನ್ಯವಿದೆ. ನಿನ್ನೆ ಬರೆದ ಪ್ರೋಗ್ರಾಮು ಇಂದೂ ನಡೆಯುತ್ತದೆ. ಆದರೆ ಮೊದಲ ದಿನಗಳಲ್ಲಿ ಮಾಡಿದ ತಪ್ಪುಗಳೂ ಅದೇ ಸೌಜನ್ಯದ ಆಶ್ರಯದಲ್ಲಿ ಶಾಶ್ವತವಾಗಿ ಉಳಿದುಬಿಡುತ್ತವೆ. ಒಮ್ಮೆಯಾದರೂ ಹಳೆಯದರ ಹಂಗನ್ನು ಹರಿದುಕೊಂಡು ಈ ತಪ್ಪುಗಳನ್ನು ತಿದ್ದಲೇಬೇಕೆಂಬ ಸಂಕಲ್ಪದಿಂದ ಹುಟ್ಟಿದ್ದು ಮೂರನೆಯ ಆವೃತ್ತಿ. ಎರಡನೆಯದರಲ್ಲಿ ಬರೆದ ಪ್ರೋಗ್ರಾಮುಗಳು ಮೂರನೆಯದರಲ್ಲಿ ಇದ್ದಂತೆಯೇ ನಡೆಯಲಾರವೆಂಬುದನ್ನು ಅದರ ನಿರ್ಮಾಪಕರು ಮರೆಮಾಚದೆ ಮೊದಲೇ ಸಾರಿದ್ದರು.

ಇಂಥ ಪರಿಷ್ಕರಣಗಳನ್ನು ಕಲಿಯಹೊರಟವನು ಸಾಮಾನ್ಯವಾಗಿ ಹೊಸ ಅಂಶಗಳ ಒಂದು ಪಟ್ಟಿಯನ್ನು ಕೈಯಲ್ಲಿ ಹಿಡಿದು, ಮೇಲಿನಿಂದ ಕೆಳಕ್ಕೆ ಒಂದೊಂದನ್ನೇ ಬಾಯಿಪಾಠ ಮಾಡುತ್ತ ಹೋಗುತ್ತಾನೆ. ಅದು ಹೆಚ್ಚು ಫಲ ಕೊಡುವ ಮಾರ್ಗವಲ್ಲವೆಂದು ನನ್ನ ದೃಢವಾದ ಅಭಿಪ್ರಾಯ. ಬದಲಾವಣೆಗಳಲ್ಲಿ ಎರಡು ಜಾತಿಗಳುಂಟು. ಕೆಲವು ತಮ್ಮನ್ನು ತಾವೇ ಘೋಷಿಸಿಕೊಳ್ಳುತ್ತವೆ: ಹಳೆಯ ರೀತಿಯಲ್ಲಿ ಬರೆದೊಡನೆ ಯಂತ್ರವು ನಿಂತು, ಇದು ಸಲ್ಲದೆಂದು ಹೇಳುತ್ತದೆ. ಉಳಿದವು ಮೌನವಾಗಿರುತ್ತವೆ: ಹಳೆಯ ಬರವಣಿಗೆಯನ್ನು ಹೊಸ ಭಾಷೆ ಯಾವ ತಕರಾರೂ ಇಲ್ಲದೆ ಸ್ವೀಕರಿಸುತ್ತದೆ, ಆದರೆ ಅದಕ್ಕೆ ಬೇರೊಂದು ಅರ್ಥವನ್ನು ಕೊಡುತ್ತದೆ. ಮೊದಲನೆಯ ಜಾತಿಯವನ್ನು ಯಂತ್ರವೇ ಕಲಿಸುತ್ತದೆ; ಎರಡನೆಯ ಜಾತಿಯವನ್ನು ಮನುಷ್ಯನು ತಾನಾಗಿಯೇ ಹುಡುಕಿ ಕಲಿಯಬೇಕು. ಅಧ್ಯಯನದ ಶ್ರಮವೆಲ್ಲ ಈ ಎರಡನೆಯದಕ್ಕೆ ಮೀಸಲಾಗತಕ್ಕದ್ದು.

ಮುದ್ರಣದ ಆಜ್ಞೆಯಾದ 'ಪ್ರಿಂಟ್' ಮೊದಲನೆಯ ಜಾತಿಗೆ ಒಳ್ಳೆಯ ಉದಾಹರಣೆ. ಎರಡನೆಯ ಆವೃತ್ತಿಯಲ್ಲಿ ಇದು ವ್ಯಾಕರಣದಲ್ಲಿ ವಿಶೇಷ ಸ್ಥಾನ ಪಡೆದಿದ್ದ ಒಂದು ಪದ. ಅದರ ಮುಂದೆ ಹೇಳಬೇಕಾದುದನ್ನು ನೇರವಾಗಿ ಬರೆದರೆ ಸಾಕಾಗಿತ್ತು. ಮೂರನೆಯದರಲ್ಲಿ ಅದು ಎಲ್ಲ ಫಂಕ್ಷನ್‌ಗಳಂತೆ ಒಂದು ಸಾಧಾರಣ ಫಂಕ್ಷನ್ ಆಗಿ, ಆವರಣಚಿಹ್ನೆಗಳನ್ನು ಬೇಡುತ್ತದೆ. ಇದರ ವಿಷಯದಲ್ಲಿ ನಡೆದಷ್ಟು ಚರ್ಚೆ ಬೇರಾವುದರ ವಿಷಯದಲ್ಲೂ ನಡೆಯಲಿಲ್ಲವೇನೋ ಎನ್ನಿಸುವಷ್ಟು ಜನ ಇದನ್ನು ಕುರಿತು ಮಾತನಾಡಿದರು. ಆದರೆ ಕಲಿಯುವವನ ದೃಷ್ಟಿಯಿಂದ ಇದು ಅತ್ಯಲ್ಪ ಸಂಗತಿ. ಆವರಣವನ್ನು ಮರೆತರೆ, ಅದು ಬಿಟ್ಟುಹೋಗಿದೆಯೆಂದು ಈಗಿನ ಪೈಥಾನ್ ಸ್ಪಷ್ಟವಾಗಿಯೇ ತಿಳಿಸುತ್ತದೆ. ಬೆರಳುಗಳು ಬಹುಬೇಗ ಹೊಸ ಅಭ್ಯಾಸಕ್ಕೆ ಒಗ್ಗಿಕೊಳ್ಳುತ್ತವೆ.

ಭಾಗಾಕಾರದ ವಿಷಯ ಹಾಗಲ್ಲ. ಒಬ್ಬ ವಿದ್ಯಾರ್ಥಿಯು ಮೂರು ವಿಷಯಗಳಲ್ಲಿ ಒಟ್ಟು 250 ಅಂಕಗಳನ್ನು ಗಳಿಸಿದ್ದಾನೆಂದುಕೊಳ್ಳೋಣ. ಸರಾಸರಿಗಾಗಿ 250ನ್ನು 3ರಿಂದ ಭಾಗಿಸಿದರೆ, ಎರಡನೆಯ ಆವೃತ್ತಿಯ ಉತ್ತರ 83. ಭಾಜ್ಯವೂ ಭಾಜಕವೂ ಪೂರ್ಣಾಂಕಗಳಾಗಿರುವಾಗ ಭಾಗಲಬ್ಧವೂ ಪೂರ್ಣಾಂಕವೇ ಆಗಿರಬೇಕೆಂಬುದು ಸಿ ಭಾಷೆಯಿಂದ ಬಂದ ಪದ್ಧತಿ. ಇದರಲ್ಲಿ ಅಡಗಿದ್ದ ಕೇಡು ಯಾವುದೆಂದರೆ, ಅದೇ ಸೂತ್ರಕ್ಕೆ 250ರ ಬದಲು 250.0 ಎಂದು ಕೊಟ್ಟರೆ ಉತ್ತರ 83.33 ಎಂದು ಮುಂದುವರಿಯುತ್ತಿತ್ತು. ಗಣಿತದಲ್ಲಿ ಒಂದೇ ಆಗಿರುವ ಎರಡು ಸಂಖ್ಯೆಗಳು, ಬರೆದ ರೀತಿಯ ಭೇದದಿಂದ ಮಾತ್ರವೇ, ಎರಡು ಫಲಗಳನ್ನು ಕೊಡುತ್ತಿದ್ದುವು. ಸಂಖ್ಯೆಗಳು ಎಲ್ಲಿಂದಲೋ ಬರುವ ದೊಡ್ಡ ಪ್ರೋಗ್ರಾಮಿನಲ್ಲಿ, ಬಂದದ್ದು ಯಾವ ಬಗೆಯದೆಂದು ಸೂತ್ರವನ್ನು ಬರೆದವನಿಗೆ ತಿಳಿಯುವ ಬಗೆಯೇ ಇರಲಿಲ್ಲ. ಮೂರನೆಯ ಆವೃತ್ತಿಯಲ್ಲಿ ಒಂದು ಓರೆಗೆರೆಯಾದ / ಎಂಬುದು ಯಾವಾಗಲೂ ನಿಜವಾದ ಭಾಗಲಬ್ಧವನ್ನೂ, ಎರಡು ಓರೆಗೆರೆಗಳಾದ // ಎಂಬುದು ಅದರ ಕೆಳಗಿನ ಪೂರ್ಣಾಂಕವನ್ನೂ ಕೊಡುತ್ತವೆ. ಉದ್ದೇಶವನ್ನು ಬರೆಯುವವನು ತಾನೇ ಹೇಳುತ್ತಾನೆ. ಅಂಕಿಗಳ ವೇಷವನ್ನು ನೋಡಿ ಯಂತ್ರ ಊಹಿಸುವುದಿಲ್ಲ. ತಿದ್ದುಪಡಿ ಯುಕ್ತವಾದದ್ದೇ. ಆದರೆ ಹಳೆಯ ಪದ್ಧತಿಯನ್ನು ನೆಮ್ಮಿ, ಉಳಿದ ದಶಾಂಶವು ತಾನಾಗಿಯೇ ಬಿದ್ದುಹೋಗುತ್ತದೆಂಬ ವಿಶ್ವಾಸದಲ್ಲಿ ಬರೆದಿದ್ದ ಲೆಕ್ಕಗಳು ಹೊಸ ಆವೃತ್ತಿಯಲ್ಲಿ ನಿಲ್ಲದೆ, ಎಚ್ಚರಿಸದೆ, ಬೇರೆ ಉತ್ತರವನ್ನು ಕೊಡತೊಡಗಿದುವು.

ಇದಕ್ಕಿಂತ ಸೂಕ್ಷ್ಮವಾದದ್ದು, ಆದುದರಿಂದ ಹೆಚ್ಚು ಜನರ ಕಣ್ಣಿಗೆ ಬೀಳದೆ ಹೋದದ್ದು, ಸಂಖ್ಯೆಯನ್ನು ಸಮೀಪದ ಪೂರ್ಣಾಂಕಕ್ಕೆ ಒಯ್ಯುವ ಕ್ರಿಯೆ. 2.5 ಎಂಬುದು 2ಕ್ಕೂ 3ಕ್ಕೂ ಸಮದೂರದಲ್ಲಿದೆ. ಅದನ್ನು 3 ಎಂದು ಹಿಡಿಯಬೇಕೆಂದು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ, ಎರಡನೆಯ ಆವೃತ್ತಿಯೂ ಹಾಗೆಯೇ ಮಾಡುತ್ತಿತ್ತು. ಮೂರನೆಯದು ಇಂಥ ನಟ್ಟನಡುವಿನ ಸಂದರ್ಭಗಳಲ್ಲಿ ಸಮಸಂಖ್ಯೆಯನ್ನೇ ಆರಿಸುತ್ತದೆ: 2.5 ಎಂಬುದು 2 ಆಗುತ್ತದೆ, 3.5 ಎಂಬುದು 4 ಆಗುತ್ತದೆ. ಮೊದಲು ನೋಡಿದವನಿಗೆ ಇದು ಯಂತ್ರದ ಚಿತ್ತಚಾಂಚಲ್ಯವೆಂದೇ ತೋರಬಹುದು. ಕಾರಣವನ್ನು ಅರಿಯಲು ಒಂದು ಪುಟ್ಟ ಲೆಕ್ಕ ಸಾಕು. 0.5, 1.5, 2.5, 3.5 ಇವುಗಳ ನಿಜವಾದ ಮೊತ್ತ 8. ಎಲ್ಲವನ್ನೂ ಮೇಲಕ್ಕೆ ಒಯ್ದರೆ 1, 2, 3, 4 ಆಗಿ ಮೊತ್ತ 10ಕ್ಕೆ ಏರುತ್ತದೆ; ಸಮಸಂಖ್ಯೆಗೆ ಒಯ್ದರೆ 0, 2, 2, 4 ಆಗಿ ಮೊತ್ತ 8ರಲ್ಲಿಯೇ ನಿಲ್ಲುತ್ತದೆ. ಸಾವಿರಾರು ಅಂಕಿಗಳನ್ನು ಕೂಡಿಸುವ ಕಡೆಗಳಲ್ಲಿ ಯಾವಾಗಲೂ ಮೇಲಕ್ಕೇ ಒಯ್ಯುವುದರಿಂದ ಸಂಚಯವಾಗುವ ಪಕ್ಷಪಾತವನ್ನು ಈ ನಿಯಮ ನಿವಾರಿಸುತ್ತದೆ. ಈ ನಾಲ್ಕು ಸಂಖ್ಯೆಗಳನ್ನು ಒಮ್ಮೆ ಕೈಯಾರೆ ಕೂಡಿಸಿ ನೋಡಿದವನು ನಿಯಮವನ್ನು ಮತ್ತೆ ಮರೆಯಲಾರ. ಪಟ್ಟಿಯಲ್ಲಿ ಓದಿ ಬಿಟ್ಟವನು ನಾಳೆಯೇ ಮರೆಯುತ್ತಾನೆ.

ಇನ್ನು ಕೆಲವು ತಿದ್ದುಪಡಿಗಳಂತೂ ಹಿಂದಿನ ಮೌನವನ್ನೇ ಮುರಿದು ಮಾತಾಗಿಸಿದುವು. ಎರಡನೆಯ ಆವೃತ್ತಿಯಲ್ಲಿ ಸಂಖ್ಯೆಯನ್ನೂ ಪಠ್ಯವನ್ನೂ ಹೋಲಿಸಬಹುದಾಗಿತ್ತು, ಮತ್ತು ಪಠ್ಯವು ಸಂಖ್ಯೆಗಿಂತ ಯಾವಾಗಲೂ ದೊಡ್ಡದೆಂಬ ವಿಚಿತ್ರ ನಿಯಮವೊಂದು ಅಲ್ಲಿ ಜಾರಿಯಲ್ಲಿತ್ತು. ಕೀಲಿಮಣೆಯಿಂದ ಪಠ್ಯರೂಪವಾಗಿ ಬಂದ '35' ಎಂಬ ಅಂಕವನ್ನು ಸಂಖ್ಯೆಯಾಗಿ ಪರಿವರ್ತಿಸಲು ಮರೆತು, ಉತ್ತೀರ್ಣತೆಗೆ ಬೇಕಾದ 40ರೊಡನೆ ಹೋಲಿಸಿದರೆ, 35ರವನೂ ಪಾಸು, 5ರವನೂ ಪಾಸು; ಯಂತ್ರಕ್ಕೆ ಕಿಂಚಿತ್ತೂ ಸಂದೇಹ ಬರುತ್ತಿರಲಿಲ್ಲ. ಹೊಸ ಆವೃತ್ತಿ ಇಂಥ ಹೋಲಿಕೆಯನ್ನು ಕಂಡಕೂಡಲೆ ಕೆಲಸ ನಿಲ್ಲಿಸುತ್ತದೆ. ಇಂತು ನಿಲ್ಲುವುದು ಒರಟುತನವಲ್ಲ, ಉಪಕಾರ.

ಈ ಎಲ್ಲ ಪರಿಷ್ಕರಣಗಳ ಮಧ್ಯದಲ್ಲಿ ಅತ್ಯಂತ ಆಳವಾದದ್ದು, ಅತ್ಯಂತ ಕ್ಲೇಶಕರವಾಗಿಯೂ ಪರಿಣಮಿಸಿದ್ದು, ಪಠ್ಯವನ್ನು ಕುರಿತ ಬದಲಾವಣೆ. ಕನ್ನಡವನ್ನು ಓದಿ ಬರೆಯುವ ನಮಗೆ ಇದರಲ್ಲಿ ನೇರವಾದ ಸಂಬಂಧವಿರುವುದರಿಂದ ಇಲ್ಲಿ ಸಾವಕಾಶವಾಗಿ ನಿಲ್ಲುವುದು ಉಚಿತ.

ಗಣಕವು ಬಲ್ಲದ್ದು ಸಂಖ್ಯೆಗಳನ್ನು ಮಾತ್ರ. ಅಕ್ಷರಗಳನ್ನು ಸಂಖ್ಯೆಗಳಾಗಿ ಸಂಕೇತಿಸಿಯೇ ಅದಕ್ಕೆ ಒಪ್ಪಿಸಬೇಕು. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಖ್ಯಾಕ್ರಮವನ್ನು ಗೊತ್ತುಮಾಡುವ ಯೂನಿಕೋಡ್ ಮಾನಕದ ಮೊದಲ ಸಂಪುಟ ಹೊರಬಂದದ್ದು 1991ರ ಅಕ್ಟೋಬರಿನಲ್ಲಿ, ಎಂದರೆ ಪೈಥಾನ್ ಹುಟ್ಟಿದ ಕೆಲವು ತಿಂಗಳ ಅನಂತರ. ಆ ಮಾನಕದಲ್ಲಿ ಮೊದಲಿನಿಂದಲೂ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳು ಮೀಸಲಾಗಿವೆ. ಅಲ್ಲಿ ಕಕಾರದ ಸಂಖ್ಯೆ 3221. ಪೈಥಾನಾದರೋ ತನ್ನ ಜನ್ಮಕಾಲದ ಪದ್ಧತಿಯಂತೆ ಪಠ್ಯವೆಂದರೆ ಬೈಟುಗಳ ಸಾಲು, ಒಂದೊಂದು ಬೈಟೂ ಒಂದೊಂದು ಅಕ್ಷರ ಎಂಬ ಭಾವನೆಯನ್ನು ಹೊಂದಿತ್ತು. ಬೈಟ್ ಎಂಬುದು 0ರಿಂದ 255ರವರೆಗಿನ ಒಂದು ಸಂಖ್ಯೆಯಾದುದರಿಂದ 3221 ಅದರಲ್ಲಿ ಹಿಡಿಯದು. ಇಂದು ಸಾರ್ವತ್ರಿಕವಾಗಿ ಬಳಕೆಯಲ್ಲಿರುವ ಯುಟಿಎಫ್-8 ಎಂಬ ಸಂಕೇತಕ್ರಮದಲ್ಲಿ ಇಂಗ್ಲಿಷಿನ ಅಕ್ಷರ ಒಂದು ಬೈಟಿನಲ್ಲಿ ಅಡಗಿದರೆ, ಕನ್ನಡದ ಪ್ರತಿಯೊಂದು ಸಂಕೇತವೂ ಮೂರು ಬೈಟುಗಳಾಗಿ ಹಂಚಿಹೋಗುತ್ತದೆ. ಕಕಾರವು 224, 178, 149 ಎಂಬ ಮೂರು ಸಂಖ್ಯೆಗಳಾಗುತ್ತದೆ. ಈಗ ಯುಟಿಎಫ್-8ರಲ್ಲಿ ಬರೆದಿಟ್ಟ 'ಕನ್ನಡ' ಎಂಬ ಶಬ್ದದ ಉದ್ದವನ್ನು ಎರಡನೆಯ ಆವೃತ್ತಿಯಲ್ಲಿ ಕೇಳಿದರೆ ಬರುವ ಉತ್ತರ 15. ಮೊದಲನೆಯ ಅಕ್ಷರವನ್ನು ಕೊಡು ಎಂದರೆ ಅದು ಕೊಡುವುದು 224ನ್ನು, ಎಂದರೆ ಕಕಾರದ ಮೂರನೆಯ ಒಂದು ಪಾಲನ್ನು. ಯಾವ ಲಿಪಿಯಲ್ಲಿಯೂ ಅದಕ್ಕೆ ಅರ್ಥವಿಲ್ಲ. ಇಂಗ್ಲಿಷನ್ನು ಮಾತ್ರ ಬರೆಯುತ್ತಿದ್ದವರಿಗೆ ಈ ದೋಷ ಕಾಣಲೇ ಇಲ್ಲ, ಏಕೆಂದರೆ ಅವರ ಲಿಪಿಯಲ್ಲಿ ಬೈಟೂ ಅಕ್ಷರವೂ ಅಕಸ್ಮಾತ್ತಾಗಿ ಒಂದೇ ಸಂಖ್ಯೆಯವಾಗಿದ್ದುವು.

2000ನೆಯ ಇಸವಿಯ ಎರಡನೆಯ ಆವೃತ್ತಿಯಲ್ಲಿ ಯೂನಿಕೋಡ್ ಪಠ್ಯವನ್ನು ಒಂದು ಪ್ರತ್ಯೇಕ ಜಾತಿಯಾಗಿ ಸೇರಿಸಿದರು. ಹಳೆಯದನ್ನು ಮುಟ್ಟದೆ ಹೊಸದನ್ನು ಪಕ್ಕದಲ್ಲಿಟ್ಟದ್ದರಿಂದ, ಒಂದೇ ಭಾಷೆಯಲ್ಲಿ ಎರಡು ಬಗೆಯ ಪಠ್ಯಗಳಾದುವು. ಅವೆರಡೂ ಸಂಧಿಸಿದಾಗ ಯಂತ್ರವು ಬೈಟುಗಳನ್ನೆಲ್ಲ 128ಕ್ಕಿಂತ ಕಡಿಮೆಯ ಸಂಖ್ಯೆಗಳೆಂದು, ಎಂದರೆ ಇಂಗ್ಲಿಷ್ ಅಕ್ಷರಗಳೆಂದು, ತಾನೇ ಊಹಿಸಿ ಜೋಡಿಸುತ್ತಿತ್ತು. ಇದರ ಪರಿಣಾಮವಾಗಿ, ಪ್ರೋಗ್ರಾಮು ತಿಂಗಳುಗಟ್ಟಲೆ ನಿರಾತಂಕವಾಗಿ ನಡೆದು, ಎಂದೋ ಒಂದು ದಿನ ಒಂದು ಕನ್ನಡದ ಹೆಸರೋ ಫ್ರೆಂಚ್ ಭಾಷೆಯ ಸ್ವರಚಿಹ್ನೆಯುಳ್ಳ ಅಕ್ಷರವೋ ಒಳಬಂದ ಕ್ಷಣದಲ್ಲಿ ಕುಸಿದುಬೀಳುತ್ತಿತ್ತು. ಬರೆದವನು ಪರೀಕ್ಷಿಸುವಾಗ ಕಾಣದ ದೋಷ, ದೂರದ ಯಾವನೋ ಓದುಗನ ಹೆಸರಿನಿಂದ ಪ್ರಕಟವಾಗುತ್ತಿತ್ತು. ತನ್ನ ಹೆಸರನ್ನು ತನ್ನ ಲಿಪಿಯಲ್ಲಿ ಬರೆದದ್ದೇ ಒಂದು ಅಪರಾಧವೆಂಬಂತೆ ಯಂತ್ರವು ವರ್ತಿಸುವುದು ಎಂಥ ಅನ್ಯಾಯವೆಂಬುದನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ.

ಮೂರನೆಯ ಆವೃತ್ತಿ ಈ ಗಂಟನ್ನು ಬುಡದಲ್ಲಿಯೇ ಬಿಡಿಸಿತು. ಉದ್ಧರಣಚಿಹ್ನೆಯೊಳಗೆ ಬರೆದದ್ದೆಲ್ಲವೂ ಯೂನಿಕೋಡ್ ಪಠ್ಯ. ಬೈಟುಗಳ ಸಾಲು ಬೇರೆಯೇ ಒಂದು ವಸ್ತು. ಎರಡನ್ನೂ ಬೆರೆಸಹೊರಟರೆ ತತ್‌ಕ್ಷಣವೇ ನಿರಾಕರಣೆ. ಕಡತದಿಂದಾಗಲಿ ಜಾಲದಿಂದಾಗಲಿ ಬಂದದ್ದನ್ನು ಪ್ರವೇಶದ್ವಾರದಲ್ಲಿಯೇ ಇಂಥ ಸಂಕೇತಕ್ರಮದ್ದೆಂದು ಗುರುತಿಸಿ ಪಠ್ಯವಾಗಿ ಮಾರ್ಪಡಿಸಬೇಕು. ಒಳಗೆ ಇರುವಷ್ಟು ಹೊತ್ತೂ ಪಠ್ಯವು ಪಠ್ಯವಾಗಿಯೇ ಇರಬೇಕು. ಹೊರಗೆ ಹೋಗುವಾಗ ಮಾತ್ರ ಮರಳಿ ಬೈಟುಗಳಾಗಬೇಕು. ಈ ಶಿಸ್ತನ್ನು ಮನಗಂಡವನು ಮೂರನೆಯ ಪೈಥಾನಿನ ಅರ್ಧವನ್ನು ಕಲಿತಂತೆಯೇ ಸರಿ. ಹಳೆಯ ಪ್ರೋಗ್ರಾಮುಗಳನ್ನು ಸಾಗಿಸುವುದರಲ್ಲಿ ಜನ ಪಟ್ಟ ಕಷ್ಟದ ಬಹುಭಾಗ ಇಲ್ಲಿಯದೇ, ಏಕೆಂದರೆ ಯಾವ ಸ್ಥಳದಲ್ಲಿ ಹಳೆಯ ಕರ್ತೃವಿನ ಮನಸ್ಸಿನಲ್ಲಿ ಪಠ್ಯವಿತ್ತು, ಯಾವ ಸ್ಥಳದಲ್ಲಿ ಬೈಟುಗಳಿದ್ದುವು ಎಂಬುದನ್ನು ಯಾವ ಯಂತ್ರವೂ ಬರವಣಿಗೆಯಿಂದ ಮಾತ್ರವೇ ತಿಳಿಯಲಾರದು. ಆವರಣಚಿಹ್ನೆಗಳನ್ನು ಹಾಕುವಂಥ ಯಾಂತ್ರಿಕ ತಿದ್ದುಪಡಿಗಳಿಗೆ 'ಟು ಟು ತ್ರೀ' ಎಂಬ ಪರಿವರ್ತಕವನ್ನು ಭಾಷೆಯೊಡನೆಯೇ ಕೊಟ್ಟಿದ್ದರು. ಮನಸ್ಸಿನಲ್ಲಿದ್ದ ಉದ್ದೇಶವನ್ನು ತಿದ್ದಲು ಅಂಥ ಸಾಧನ ಯಾವುದೂ ಸಾಲದು.

ಈಗ ಅದೇ 'ಕನ್ನಡ' ಶಬ್ದದ ಉದ್ದವನ್ನು ಮೂರನೆಯ ಆವೃತ್ತಿಯಲ್ಲಿ ಕೇಳಿದರೆ ಉತ್ತರ 5. ಕ, ನ, ಹಲಂತದ ಚಿಹ್ನೆ, ಮತ್ತೊಂದು ನ, ಡ. ಸಂಖ್ಯೆಗಳಲ್ಲಿ 3221, 3240, 3277, 3240, 3233. ಇದು 15ಕ್ಕಿಂತ ಸತ್ಯಕ್ಕೆ ಬಹಳ ಹತ್ತಿರ; ಆದರೆ ಒಂದನೆಯ ತರಗತಿಯ ಮಗುವನ್ನು ಕೇಳಿದರೆ 'ಕ, ನ್ನ, ಡ' ಎಂದು ಬೆರಳು ಮಡಿಸಿ ಮೂರು ಎನ್ನುತ್ತದೆ. ಪೈಥಾನ್ ಎಣಿಸುವುದು ಯೂನಿಕೋಡಿನ ಸಂಕೇತಗಳನ್ನೇ ಹೊರತು ನಮ್ಮ ಅಕ್ಷರಗಳನ್ನಲ್ಲ. ಅಕ್ಷರಗಳೇ ಬೇಕಾದರೆ, ಸ್ವರಚಿಹ್ನೆಯನ್ನು ಅದರ ಹಿಂದಿನ ವ್ಯಂಜನಕ್ಕೂ, ಹಲಂತದ ಮುಂದಿನ ವ್ಯಂಜನವನ್ನು ಹಲಂತದ ಹಿಂದಿನದಕ್ಕೂ ಕೂಡಿಸುವ ನಿಯಮವನ್ನು ಪ್ರೋಗ್ರಾಮು ಬರೆಯುವವನೇ ಅಳವಡಿಸಬೇಕು; ಛಂದಸ್ಸಿನ ಮಾತ್ರೆಗಳನ್ನು ಗಣಕದಿಂದ ಎಣಿಸಬೇಕೆಂದು ಹೊರಡುವ ಪ್ರತಿಯೊಬ್ಬ ಕನ್ನಡಿಗನೂ ಮೊದಲು ಈ ಮೆಟ್ಟಿಲನ್ನು ಹತ್ತಲೇಬೇಕು. ಇನ್ನೊಂದು ಸೂಕ್ಷ್ಮವೂ ಉಂಟು. 'ಕೊ' ಎಂಬುದರ ಸ್ವರಚಿಹ್ನೆಯನ್ನು 3274 ಎಂಬ ಒಂದೇ ಸಂಕೇತದಿಂದಲೂ ಬರೆಯಬಹುದು, 3270 ಮತ್ತು 3266 ಎಂಬ ಎರಡರ ಜೋಡಣೆಯಿಂದಲೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಹೋಲಿಸಿ ನೋಡೆಂದರೆ ಪೈಥಾನ್ ಬೇರೆಬೇರೆ ಎನ್ನುತ್ತದೆ. ಶಬ್ದಗಳನ್ನು ಹುಡುಕುವ ಅಥವಾ ಅಕಾರಾದಿಯಾಗಿ ಜೋಡಿಸುವ ಮುಂಚೆ ಎಲ್ಲವನ್ನೂ ಒಂದೇ ರೂಪಕ್ಕೆ ತರುವುದು ಅವಶ್ಯಕ. ಅದಕ್ಕೆ ಬೇಕಾದ ಸಾಧನ ಭಾಷೆಯ ಜೊತೆಯಲ್ಲಿಯೇ ಬರುತ್ತದೆ. ಪಠ್ಯದ ಈ ಪುನರ್ವ್ಯವಸ್ಥೆಯಿಂದ ದೊರೆತ ಕೆಲವು ಸೌಕರ್ಯಗಳು ಮನಸ್ಸಿಗೆ ಹಿತವಾದವು: '೧೨೩' ಎಂಬ ಕನ್ನಡದ ಅಂಕಿಗಳನ್ನು ಪಠ್ಯವಾಗಿ ಕೊಟ್ಟು ಪೂರ್ಣಾಂಕವಾಗಿ ಮಾಡೆಂದರೆ ಪೈಥಾನ್ 123 ಎಂದು ಸರಿಯಾಗಿ ಗ್ರಹಿಸುತ್ತದೆ, ಚರಗಳಿಗೆ 'ವಯಸ್ಸು', 'ಮೊತ್ತ' ಎಂದು ಕನ್ನಡದಲ್ಲಿಯೇ ಹೆಸರಿಡಬಹುದು.

ಇಷ್ಟೆಲ್ಲ ಗುಣಗಳಿದ್ದರೂ ಜನ ಹೊಸ ಆವೃತ್ತಿಗೆ ಒಲಿದು ಬರಲು ಒಂದು ದಶಕಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಒಬ್ಬನ ಪ್ರೋಗ್ರಾಮು ಇತರರು ಬರೆದ ಹತ್ತಾರು ಗ್ರಂಥಾಲಯಗಳ ಮೇಲೆ ನಿಂತಿರುತ್ತದೆ. ಅವೆಲ್ಲವೂ ಸಾಗುವವರೆಗೆ ಅವನೊಬ್ಬನೇ ಸಾಗಲಾರ. 2010ರಲ್ಲಿ ಬಂದ 2.7ಕ್ಕೆ 2015ರವರೆಗೆ ಪೋಷಣೆ ದೊರೆಯುವುದೆಂದು ಮೊದಲು ಹೇಳಿದ್ದನ್ನು, 2014ರಲ್ಲಿ ಇನ್ನೈದು ವರ್ಷ ಮುಂದೂಡಿ, ಕೊನೆಗೆ 2020ರ ಜನವರಿ 1ರಂದು ಪೋಷಣೆಯನ್ನು ಮುಗಿಸಿದರು. ಈ ನಡುಗಾಲದಲ್ಲಿ ಎರಡೂ ಆವೃತ್ತಿಗಳಲ್ಲಿ ನಡೆಯುವಂತೆ ಬರೆಯುವ ಕಲೆಯೊಂದು ಬೆಳೆಯಿತು. ಅದಕ್ಕೆ ನೆರವಾದ 'ಸಿಕ್ಸ್' ಎಂಬ ಗ್ರಂಥಾಲಯಕ್ಕೆ ಆ ಹೆಸರು ಬಂದದ್ದು ಎರಡು ಮೂರಲ ಆರು ಎಂಬ ಲೆಕ್ಕದಿಂದ. 2012ರ 3.3ರಲ್ಲಿ, ಯೂನಿಕೋಡ್ ಪಠ್ಯವೆಂದು ಸೂಚಿಸಲು ಎರಡನೆಯ ಆವೃತ್ತಿಯಲ್ಲಿ ಉದ್ಧರಣಚಿಹ್ನೆಯ ಮುಂದೆ ಬರೆಯುತ್ತಿದ್ದ, ಮೂರನೆಯದರಲ್ಲಿ ತೆಗೆದುಹಾಕಿದ್ದ ಗುರುತನ್ನು ಮರಳಿ ಅಂಗೀಕರಿಸಿದರು. ಅದರಿಂದ ಭಾಷೆಗೆ ಹೊಸ ಶಕ್ತಿಯೇನೂ ಬರಲಿಲ್ಲ, ಸಾಗಿ ಬರುವವರ ದಾರಿ ಸುಗಮವಾಯಿತು. ಇದು ನಿರ್ಮಾಪಕರ ಔದಾರ್ಯವನ್ನು ತೋರಿಸುವ ಸಂಗತಿಯೆಂದು ನಾನು ಭಾವಿಸುತ್ತೇನೆ.

ಅಲ್ಲಿಂದೀಚೆಗೆ ಬಂದ ಪರಿಷ್ಕರಣಗಳು ಬಹುತೇಕ ಕೂಡಿಕೆಯ ಸ್ವಭಾವದವು. 2016ರ 3.6ರಲ್ಲಿ ಬಂದ ಎಫ್-ಸ್ಟ್ರಿಂಗ್ ಎಂಬ ಸೌಕರ್ಯದಿಂದ ಪಠ್ಯದ ನಡುವೆಯೇ ಆವರಣದೊಳಗೆ ಚರದ ಹೆಸರನ್ನಿಟ್ಟು ಅದರ ಬೆಲೆಯನ್ನು ತುಂಬಬಹುದು. ಇದನ್ನು ಕಲಿಯಲು ಒಂದು ಗಳಿಗೆ ಸಾಕು, ಬಿಡಲು ಯಾರಿಗೂ ಮನಸ್ಸಾಗದು. ಆದರೆ ಸುಲಭವಾಗಿ ಕಲಿಯಬಹುದಾದದ್ದನ್ನೆಲ್ಲ ಎಲ್ಲೆಂದರಲ್ಲಿ ಬಳಸುವುದು ಬೇರೆ ಮಾತು. 2019ರ 3.8ರಲ್ಲಿ ಬಂದ := ಎಂಬ ಚಿಹ್ನೆಯಿಂದ, ಒಂದು ಅಭಿವ್ಯಕ್ತಿಯ ಒಳಗೇ ಬೆಲೆಯನ್ನು ಲೆಕ್ಕಹಾಕಿ, ಹೆಸರಿಟ್ಟು, ಉಪಯೋಗಿಸಬಹುದು. ಕಡತವೊಂದನ್ನು ತುಂಡುತುಂಡಾಗಿ ಓದುತ್ತ, ತುಂಡು ಬರಿದಾದೊಡನೆ ನಿಲ್ಲುವ ಆವರ್ತನದಲ್ಲಿ ಇದು ಒಂದು ಪಂಕ್ತಿಯ ಪುನರುಕ್ತಿಯನ್ನು ಉಳಿಸುತ್ತದೆ. ಉದ್ದವಾದ ಸೂತ್ರದ ಗರ್ಭದಲ್ಲಿ ಅಡಗಿಸಿಟ್ಟರೆ ಓದುವವನನ್ನು ದಾರಿತಪ್ಪಿಸುತ್ತದೆ. ಈ ಚಿಹ್ನೆ ಬೇಕೇ ಬೇಡವೇ ಎಂಬ ವಾದವಿವಾದ ಎಷ್ಟು ತೀವ್ರವಾಯಿತೆಂದರೆ, 2018ರ ಜುಲೈಯಲ್ಲಿ ಅದನ್ನು ಅಂಗೀಕರಿಸಿದ ಬೆನ್ನಿಗೇ ವಾನ್ ರೋಸಮ್ ತಮ್ಮ ಅಂತಿಮ ನಿರ್ಣಯಾಧಿಕಾರವನ್ನು ತ್ಯಜಿಸಿದರು. ಅನಂತರ ಆ ಹೊಣೆ, ಭಾಷೆಯ ನಿರ್ಮಾಣದಲ್ಲಿ ತೊಡಗಿರುವವರೇ ಚುನಾಯಿಸುವ ಐವರ ಮಂಡಲಿಗೆ ಬಂದಿದೆ.

ಆ ವಾದವಿವಾದಗಳ ಸಾರವೆಲ್ಲ ಲಿಖಿತವಾಗಿ ಉಳಿದಿರುವುದು ಕಲಿಯುವವನ ಭಾಗ್ಯ. ಪೈಥಾನಿಗೆ ಸೇರುವ ಪ್ರತಿಯೊಂದು ಮಹತ್ತ್ವದ ಅಂಶಕ್ಕೂ ಮೊದಲು ಒಂದು ಪ್ರಸ್ತಾವಪತ್ರ ಸಿದ್ಧವಾಗುತ್ತದೆ; ಬಳಕೆಯಲ್ಲಿ ಇವಕ್ಕೆ ಪೆಪ್ ಎಂದು ಹೆಸರು, ಒಂದೊಂದಕ್ಕೂ ಒಂದು ಸಂಖ್ಯೆ. ಭಾಗಾಕಾರದ ಬದಲಾವಣೆಯದು 238ನೆಯದು, := ಚಿಹ್ನೆಯದು 572ನೆಯದು. ಹಿಂದೆ ಇದ್ದ ಕೊರತೆ ಏನು, ಈ ಪರಿಹಾರವನ್ನೇ ಏಕೆ ಆರಿಸಿದರು ಎಂಬುದಲ್ಲದೆ, ಬೇರೆ ಯಾವ ಯಾವ ಪರಿಹಾರಗಳನ್ನು ಯೋಚಿಸಿ ಏಕೆ ಬಿಟ್ಟರು ಎಂಬುದನ್ನೂ ಇಂಥ ಪತ್ರಗಳಲ್ಲಿ ಕಾಣಬಹುದು. ಕೈಬಿಟ್ಟ ಪರಿಹಾರಗಳ ಆ ಭಾಗವನ್ನು ಓದದೆ ಬಿಡುವವರೇ ಹೆಚ್ಚು. ನನಗಾದರೋ ಅದೇ ಅತ್ಯಂತ ಬೋಧಪ್ರದವಾಗಿ ಕಂಡಿದೆ. ನಾವು ಕಲಿಯುವಾಗ ನಮಗೆ ಹೊಳೆಯುವ 'ಹೀಗೇಕೆ ಮಾಡಬಾರದಾಗಿತ್ತು?' ಎಂಬ ಪ್ರಶ್ನೆಗೆ ಬಹುಮಟ್ಟಿಗೆ ಅಲ್ಲಿ ಉತ್ತರ ಸಿಕ್ಕುತ್ತದೆ. ಪ್ರಸ್ತಾವವನ್ನು ಓದಿ, ಅದರ ಉದಾಹರಣೆಗಳನ್ನು ಪೈಥಾನಿನ ಸಂವಾದರೂಪದ ಕಿಟಕಿಯಲ್ಲಿ ಒಂದೊಂದಾಗಿ ಪರೀಕ್ಷಿಸಿ, ಬಳಿಕ ತಾನೇ ಹಿಂದೆ ಬರೆದ ಯಾವುದಾದರೊಂದು ಪ್ರೋಗ್ರಾಮಿನಲ್ಲಿ ಆ ಅಂಶಕ್ಕೆ ನಿಜವಾಗಿ ಸ್ಥಾನವಿದೆಯೇ ಎಂದು ಹುಡುಕುವುದಕ್ಕಿಂತ ಉತ್ತಮವಾದ ಕ್ರಮವನ್ನು ನಾನರಿಯೆ. 3.9ರಿಂದ ಈಚೆಗೆ ಪ್ರತಿವರ್ಷವೂ ಅಕ್ಟೋಬರಿನಲ್ಲಿ ಒಂದು ಹೊಸ ಆವೃತ್ತಿ ಹೊರಬೀಳುವ ಪದ್ಧತಿ ನೆಲೆಗೊಂಡಿರುವುದರಿಂದ, ಈ ಅಧ್ಯಯನಕ್ಕೂ ಒಂದು ವಾರ್ಷಿಕ ಋತು ಒದಗಿದಂತಾಗಿದೆ.

ಎರಡರಿಂದ ಮೂರಕ್ಕೆ ಸಾಗಿದ ದೀರ್ಘ ಪ್ರಯಾಣದಿಂದ ಭಾಷೆಯನ್ನು ಬಳಸುವವರು ಕಲಿತಂತೆಯೇ ಅದನ್ನು ನಿರ್ಮಿಸುವವರೂ ಕಲಿತರು. 2018ರ 3.7ರಲ್ಲಿ 'ಅಸಿಂಕ್' ಎಂಬ ಪದವನ್ನು ಭಾಷೆಗೆ ಕಾದಿರಿಸಿದಾಗ, ಅದನ್ನು ಚರದ ಹೆಸರಾಗಿ ಬಳಸುತ್ತಿದ್ದ ಪ್ರೋಗ್ರಾಮುಗಳು ನಿಂತುಹೋದುವು. 2021ರ 3.10ರಲ್ಲಿ, ದತ್ತಾಂಶದ ಆಕಾರವನ್ನು ನೋಡಿ ದಾರಿಯನ್ನು ಆರಿಸುವ ಒಂದು ಹೊಸ ವಾಕ್ಯರಚನೆ ಬಂತು. ಅದಕ್ಕೆ 'ಮ್ಯಾಚ್' ಎಂಬ ಪದವನ್ನು ಆರಿಸಿದ್ದರು. ಆದರೆ ಅದೇ ಹೆಸರಿನ ಫಂಕ್ಷನ್ ಪಠ್ಯಶೋಧನೆಯ ಗ್ರಂಥಾಲಯದಲ್ಲಿ ಬಹುಕಾಲದಿಂದ ಇತ್ತು, ಅದರ ಫಲವನ್ನು ಅದೇ ಹೆಸರಿನ ಚರದಲ್ಲಿ ಇಟ್ಟುಕೊಳ್ಳುವುದೂ ಬಹು ಜನರ ರೂಢಿಯಾಗಿತ್ತು. ಈ ಸಲ ನಿರ್ಮಾಪಕರು ಪದವನ್ನು ಪೂರ್ತಿಯಾಗಿ ಕಾದಿರಿಸಲಿಲ್ಲ. ಹಿಂದಿನ ವರ್ಷ 3.9ರಲ್ಲಿ ಅಳವಡಿಸಿದ್ದ ಹೊಸ ವಾಕ್ಯವಿಶ್ಲೇಷಕದ ಸಾಮರ್ಥ್ಯವನ್ನು ಉಪಯೋಗಿಸಿಕೊಂಡು, ವಾಕ್ಯದ ಆರಂಭದಲ್ಲಿ ತಕ್ಕ ಸನ್ನಿವೇಶದಲ್ಲಿ ಬಂದಾಗ ಮಾತ್ರ ಅದನ್ನು ಆಜ್ಞೆಯೆಂದೂ, ಉಳಿದೆಡೆಯಲ್ಲೆಲ್ಲ ಸಾಧಾರಣ ಹೆಸರೆಂದೂ ಗ್ರಹಿಸುವಂತೆ ವ್ಯವಸ್ಥೆ ಮಾಡಿದರು. ಆ ಹೆಸರಿನ ಚರವನ್ನು ಇಟ್ಟುಕೊಂಡಿದ್ದ ಹಳೆಯ ಪ್ರೋಗ್ರಾಮುಗಳು ಒಂದಕ್ಷರದ ತಿದ್ದುಪಡಿಯೂ ಇಲ್ಲದೆ 3.10ರಲ್ಲಿ ನಡೆದುವು.